ಗಡಿಬಿಡಿ ಇಟ್ಟ ಕಾವಲುಗಾರ

ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟವನು ಅವಳ ಅಣ್ಣ. ಹೆಸರು ಸುಮ್ಮನೆ ಬಂದದ್ದಲ್ಲ. ಚಿಕ್ಕವಳಿದ್ದಾಗ ಅಪ್ಪ ಕಥೆ ಹೇಳಲು ಕೂತರೆ, "ಆಮೇಲೆ ರಾಜ ಸತ್ತೋದ್ನಾ?" ಎಂದು ಆರಂಭದಲ್ಲೇ ಕೇಳಿ ರಾಜನನ್ನೂ ಕಥೆಯನ್ನೂ ಒಟ್ಟಿಗೆ ಮುಗಿಸಿಬಿಡುತ್ತಿದ್ದಳು. ಹಾಲು ಉಕ್ಕುವುದಿರಲಿ, ಬಿಸಿಯಾಗುವ ಮುಂಚೆಯೇ ಒಲೆ ಆರಿಸುತ್ತಿದ್ದಳು. ಎದುರಿಗಿದ್ದವರು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಇನ್ನರ್ಧವನ್ನು ತಾನೇ ಹೇಳಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಎದ್ದು ಹೋಗಿರುತ್ತಿದ್ದಳು. ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡ ಮೇಲೂ ಇದು ಬದಲಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಇಂಥವರನ್ನು ಕಂಡೇ ಹೇಳಿರಬೇಕು.

ಇಂಥವಳಿಗೆ ಸಿಕ್ಕ ಉದ್ಯೋಗವೂ ಹೇಳಿ ಮಾಡಿಸಿದಂತಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಕಂಪನಿ. ಬೆರಳೆಣಿಕೆಯ ಜನ, ಒಂದೇ ಉದ್ದನೆಯ ಮೇಜು, ಕಾಲಿಗೆ ತೊಡರುವ ವೈರುಗಳು. ಡಾಕ್ಟರು ಆಸ್ಪತ್ರೆಯಲ್ಲಿ, ರೋಗಿ ಮನೆಯಲ್ಲಿ ಕೂತು ಮುಖ ನೋಡಿಕೊಂಡು ಮಾತಾಡಲು ಅವರೊಂದು ವೆಬ್ ಪುಟ ಮಾಡಿದ್ದರು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಡಾಕ್ಟರು ಕಳಿಸಿದ ಲಿಂಕ್ ಒತ್ತಿದರೆ ಬ್ರೌಸರು ಕ್ಯಾಮೆರಾಕ್ಕೂ ಮೈಕಿಗೂ ಅನುಮತಿ ಕೇಳುತ್ತದೆ, ಹೂಂ ಅಂದರೆ ಎದುರಿಗೆ ಡಾಕ್ಟರ ಮುಖ. ಆ ಎರಡು ಬ್ರೌಸರುಗಳನ್ನು ಒಂದಕ್ಕೊಂದು ಬೆಸೆಯುವುದು ಗಡಿಬಿಡಿಯ ಕೆಲಸ. ಇಲ್ಲಿ ಬಾಯಿ ಬಿಟ್ಟ ಮಾತು ಅಲ್ಲಿ ಕಿವಿಗೆ ಬೀಳುವ ನಡುವಿನ ತಡವನ್ನು ಹೇಗೆ ಕಡಿಮೆ ಮಾಡುವುದು ಎನ್ನುವುದೇ ಅವಳಿಗೆ ದಿನವಿಡೀ ಚಿಂತೆ. ಕಾಯುವುದೆಂದರೆ ಆಗದವಳಿಗೆ, ಯಾರೂ ಕಾಯದ ಹಾಗೆ ಮಾಡು ಎಂದು ಹೇಳಿ ಸಂಬಳವನ್ನೂ ಕೊಡುತ್ತಿದ್ದರು.

ಒಮ್ಮೆ ಅತ್ತಿಗೆ ಕೇಳಿದ್ದರು. "ಅಲ್ಲಮ್ಮಾ, ನಾವು ಮಾತಾಡಿದ್ದೆಲ್ಲ ಮೊದ್ಲು ನಿಮ್ಮ ಆಫೀಸಿಗೆ ಹೋಗಿ, ಅಲ್ಲಿಂದ ಡಾಕ್ಟರಿಗೆ ಹೋಗುತ್ತಾ?"

"ಇಲ್ಲ ಅತ್ತಿಗೆ. ನಮ್ಮ ಸರ್ವರ್ರು ಮದುವೆ ದಲ್ಲಾಳಿ ಇದ್ದ ಹಾಗೆ. ಇವರ ವಿಳಾಸ ಅವರಿಗೆ, ಅವರ ವಿಳಾಸ ಇವರಿಗೆ ಕೊಟ್ಟು ಪರಿಚಯ ಮಾಡ್ಸುತ್ತೆ, ಆಮೇಲೆ ಪಕ್ಕಕ್ಕೆ ಸರಿದುಬಿಡುತ್ತೆ. ಇಬ್ಬರೂ ನೇರವಾಗಿ ಮಾತಾಡ್ಕೋತಾರೆ, ನಡುವೆ ಯಾರೂ ಇರಲ್ಲ. ಎಲ್ಲಾದ್ರೂ ಗೋಡೆ ಅಡ್ಡ ಬಂದ್ರೆ ಒಬ್ಬ ಹಮಾಲಿ ಹೊತ್ತು ದಾಟಿಸ್ತಾನೆ. ಅವನಿಗೂ ಗಂಟಿನೊಳಗೆ ಏನಿದೆ ಅಂತ ಗೊತ್ತಾಗಲ್ಲ."

"ಕದ್ದು ಕೇಳಿಸ್ಕೊಳ್ಳದೆ ಎದ್ದು ಹೋಗೋ ದಲ್ಲಾಳೀನಾ? ನಾನಂತೂ ಎಲ್ಲೂ ಕಂಡಿಲ್ಲಪ್ಪ," ಎಂದು ಅತ್ತಿಗೆ ನಕ್ಕಿದ್ದರು. ಆಗ ಆ ಮನೆಯಲ್ಲಿ ಇನ್ನೂ ನಗು ಇತ್ತು.

ಅಣ್ಣ ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ. ಟೊಮೆಟೊ ಕ್ರೇಟಿನ ಮೇಲೆ ನಿಂತು ಅವನು ಬಾಯಿ ತೆರೆದರೆ ಮೈಕು ಬೇಕಿರಲಿಲ್ಲ. ಆ ಗೇಟಿನಲ್ಲಿ ಚಹಾ ಕುಡಿಯುತ್ತಿದ್ದವರಿಗೂ ಈ ಗೇಟಿನ ದರ ಗೊತ್ತಾಗುತ್ತಿತ್ತು. ನಡುನಡುವೆ ಒಂದು ಚಟಾಕಿ, ಕೊಳ್ಳುವವನ ಕಾಲೆಳೆಯುವ ಒಂದು ಮಾತು. ಮಾತೇ ಅವನ ಬಂಡವಾಳ. ಕಳೆದ ವರ್ಷ ಒಂದು ಬೆಳಿಗ್ಗೆ ಕೂಗುತ್ತ ಕೂಗುತ್ತ ಅವನ ನಾಲಿಗೆ ತೊದಲಿತು. ತಮಾಷೆ ಮಾಡುತ್ತಿದ್ದಾನೆಂದು ಜನ ನಕ್ಕರು. ಅವನು ಕ್ರೇಟಿನ ಮೇಲಿಂದ ಬಿದ್ದ ಮೇಲೂ ಒಂದು ಗಳಿಗೆ ನಗು ನಿಂತಿರಲಿಲ್ಲವಂತೆ.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಸೋತವು, ಮಾತು ಹೋಯಿತು. ಮಾತು ಹೋಯಿತೆಂದರೆ ಬುದ್ಧಿ ಹೋಯಿತೆಂದಲ್ಲ. ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಪದಗಳೂ ಒಳಗೇ ಇದ್ದವು, ನಾಲಿಗೆಗೆ ಬರುವ ದಾರಿ ಮಾತ್ರ ಕೆಟ್ಟಿತ್ತು. ಅಭ್ಯಾಸ ಮಾಡಿಸಿದರೆ ಒಂದಿಷ್ಟು ಮರಳಿ ಬರಬಹುದು ಎಂದು ಡಾಕ್ಟರು ಹೇಳಿದರು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹಾಗಾಗಿ ವಾರಕ್ಕೊಮ್ಮೆ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟು ಟ್ಯಾಬಿನಲ್ಲೇ ಪಾಠ ಮಾಡುತ್ತಿದ್ದರು. ಅತ್ತಿಗೆ ಅವರನ್ನು ಮಾತಿನ ಟೀಚರ್ ಎನ್ನುತ್ತಿದ್ದರು. ಆ ಪಾಠ ನಡೆಯುತ್ತಿದ್ದದ್ದು ಗಡಿಬಿಡಿಯ ಕಂಪನಿಯ ಪುಟದಲ್ಲೇ. ಅದು ಅವಳಿಗೆ ದೊಡ್ಡ ಸಮಾಧಾನ. ತನ್ನ ಕೈಯಿಂದ ಅಣ್ಣನಿಗೆ ಇಷ್ಟಾದರೂ ಆಯಿತಲ್ಲ ಎಂದುಕೊಳ್ಳುತ್ತಿದ್ದಳು.

ಪ್ರತಿ ಭಾನುವಾರ ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅಣ್ಣನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರೆ ಮುಗಿಯಿತು. ಅವನು ತುಟಿ ಅಲ್ಲಾಡಿಸುವಷ್ಟರಲ್ಲಿ, "ನೀರಾ? ಫ್ಯಾನಾ? ಕಾಲು ನೋಯ್ತಿದ್ಯಾ? ಗೊತ್ತಾಯ್ತು ಬಿಡು, ಟೀವಿ ಹಾಕ್ಬೇಕು," ಎಂದು ತಾನೇ ಹೇಳಿ ಟೀವಿ ಹಾಕುತ್ತಿದ್ದಳು. ಅಲ್ಲ ಎನ್ನುವುದಕ್ಕೂ ಶ್ರಮ ಬೇಕಲ್ಲ, ಅವನು ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ. ಅವನ ಬಾಯಿ ತೆರೆದೂ ಮಾತು ಬಾರದ ಆ ಹೊತ್ತನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೆ.

ಆ ವರ್ಷವೇ ಡಾಕ್ಟರುಗಳಿಂದ ದೂರು ಬರತೊಡಗಿತು. ರೋಗಿಗಳ ಮನೆಯ ಗದ್ದಲದಲ್ಲಿ ಮಾತೇ ಕೇಳುವುದಿಲ್ಲ. ಎದೆನೋವು ಎಲ್ಲಿ ಎಂದು ಕೇಳುವಾಗ ಯಾರೋ ಪಾತ್ರೆ ತೊಳೆಯುತ್ತಾರೆ, ಪಕ್ಕದ ಮನೆಯವರು ಗೋಡೆಗೆ ಡ್ರಿಲ್ ಹಾಕುತ್ತಾರೆ. ಗದ್ದಲ ತಗ್ಗಿಸುವ ಏರ್ಪಾಟು ಬ್ರೌಸರಿನಲ್ಲೇ ಇದೆ, ಆದರೆ ಅದು ಸಾಲುತ್ತಿರಲಿಲ್ಲ. ಗಡಿಬಿಡಿ ಕೂತು ಒಂದು ಚಿಕ್ಕ ಪ್ರೋಗ್ರಾಂ ಬರೆದಳು. ಮೈಕಿನಿಂದ ಬಂದ ಸದ್ದು ಹೊರಗೆ ಹೊರಡುವ ಮುಂಚೆ ಅದು ಬಾಗಿಲಲ್ಲಿ ನಿಂತು ಅಳೆಯುತ್ತದೆ. ಸದ್ದು ಸಾಕಷ್ಟು ಜೋರಾಗಿದ್ದು, ಮಾತಿನಂತೆ ಏರಿಳಿದು, ತುಸು ಹೊತ್ತು ನಿಂತರೆ ಬಾಗಿಲು ತೆರೆಯುತ್ತದೆ, ರೋಗಿಯ ಚಿತ್ರದ ಪಕ್ಕದಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ. ಇಲ್ಲದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ, ಅತ್ತ ಕಡೆಗೆ ಬರೀ ನಿಶ್ಶಬ್ದ. ಅದಕ್ಕವಳು ಕಾವಲುಗಾರ ಎಂದು ಹೆಸರಿಟ್ಟಳು.

ಪರೀಕ್ಷೆ ಮಾಡಿದ್ದು ಹಲೋ ಮೇಷ್ಟ್ರು. ಟೆಸ್ಟಿಂಗ್ ಅವರ ಕೆಲಸ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು, "ಹಲೋ, ಹಲೋ, ಕೇಳ್ತಾ ಇದ್ಯಾ? ಒಂದು ಎರಡು ಮೂರು," ಎಂದು ಕೂಗುತ್ತಿದ್ದರಿಂದ ಆ ಹೆಸರು. ಅವರು ಫ್ಯಾನಿನ ಕೆಳಗೆ ನಿಂತು ಕೂಗಿದರು, ಕೆಳಗಿನ ಅಂಗಡಿಯಲ್ಲಿ ರಿಮ್ಮಿಗೆ ಸುತ್ತಿಗೆ ಬೀಳುವಾಗ ಕೂಗಿದರು, ಪಾತ್ರೆ ಬಡಿಯುತ್ತ ಕೂಗಿದರು. ಕಾವಲುಗಾರ ಎಲ್ಲದರಲ್ಲೂ ಪಾಸು. ಕೆಲವೇ ದಿನಗಳಲ್ಲಿ ಡಾಕ್ಟರುಗಳ ದೂರು ನಿಂತು ಹೊಗಳಿಕೆ ಬಂತು. ಕಂಪನಿಯ ಯಜಮಾನರು ಎಲ್ಲರಿಗೂ ಚಹಾ ತರಿಸಿದರು.

ಮೆಲ್ಲಗೆ ಮಾತಾಡಿ ನೋಡೋಣ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮೈಕ್ ಕಂಡರೆ ಗಂಟಲು ತೆರೆಯುವುದು ಈ ಕಸುಬಿನವರ ಚಾಳಿ.

ಅದಾಗಿ ಕೆಲವು ವಾರಗಳ ಮೇಲೆ ಅತ್ತಿಗೆ ಫೋನ್ ಮಾಡಿದರು. "ಇವರು ಈಗೀಗ ಹೇಳ್ತಾರಮ್ಮಾ. ಚಿತ್ರ ತೋರ್ಸಿದ್ರೆ ಕಷ್ಟಪಟ್ಟು ಏನೋ ಹೇಳ್ತಾರೆ. ಟೀಚರಿಗೇ ಕೇಳಿಸ್ತಿಲ್ಲ."

"ನೆಟ್ ವೀಕ್ ಇರುತ್ತೆ ಅತ್ತಿಗೆ. ಟ್ಯಾಬನ್ನ ಕಿಟಕಿ ಹತ್ರ ಇಡಿ," ಎಂದು ಗಡಿಬಿಡಿ ಮಾತು ಮುಗಿಸಿದಳು. ಅತ್ತಿಗೆ ಹೇಳಿದ್ದನ್ನು ಅವಳು ನಂಬಿರಲಿಲ್ಲ. ಗಂಡನ ಮೇಲಿನ ಮಮತೆಗೆ ಇಲ್ಲದ ಮಾತೂ ಕೇಳಿಸುತ್ತದೆ, ಪಾಪ, ಎಂದುಕೊಂಡಳು. ಅಂದಿನಿಂದ ಅಣ್ಣ ಕಿಟಕಿಯ ಪಕ್ಕ ಕೂರತೊಡಗಿದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ಹೇಳುವ ಬಾಯಿ ಅವನಿಗಿರಲಿಲ್ಲ.

ಮುಂದಿನ ಸಲ ಅತ್ತಿಗೆ ಫೋನ್ ಮಾಡಿದ್ದು ಟೀಚರ್ ಹೇಳಿದ್ದನ್ನು ತಿಳಿಸಲು. ಟೀಚರ್ ಕೆಟ್ಟವರಲ್ಲ, ಬೇಜಾರಿನಿಂದಲೇ ಹೇಳಿದರಂತೆ. ತುಟಿ ಆಡುತ್ತಿದೆ, ಸ್ವರ ಬರುತ್ತಿಲ್ಲ. ಇಷ್ಟು ವಾರಗಳಾದರೂ ಒಂದು ಸದ್ದೂ ಇಲ್ಲ. ಬರುವ ವಾರವೂ ಹೀಗೇ ಆದರೆ ಪಾಠ ನಿಲ್ಲಿಸಿ, ಆ ಹೊತ್ತನ್ನು ಸರದಿಯಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ, ಆಸ್ಪತ್ರೆಯ ನಿಯಮವೇ ಹಾಗೆ. "ಅದೊಂದು ನಿಂತ್ರೆ ಇವರು ಆಸೆನೇ ಬಿಟ್ಟುಬಿಡ್ತಾರಮ್ಮಾ," ಎಂದರು ಅತ್ತಿಗೆ. "ಆಗ್ಲೇ ಗೋಡೆ ಕಡೆ ಮುಖ ಮಾಡಿ ಮಲಗ್ತಿದಾರೆ."

"ಈ ಸಲ ನಾನೇ ಬಂದು ಪಕ್ಕದಲ್ಲಿ ಕೂರ್ತೀನಿ. ಹೇಗೆ ಹೇಳಲ್ಲ ನೋಡೇಬಿಡೋಣ," ಎಂದಳು ಗಡಿಬಿಡಿ. ಎಲ್ಲವನ್ನೂ ತಾನೇ ಮುಗಿಸಬೇಕು ಎನ್ನುವ ಹಳೇ ಹುರುಪು.

ಅವಳು ರಜೆ ಹಾಕಿ ಬಂದಳು. ಅತ್ತಿಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ ಕೂರಿಸಿದ್ದರು, ಪರೀಕ್ಷೆಗೆ ಹೊರಟ ಹುಡುಗನ ಹಾಗೆ. ಟ್ಯಾಬು ಕಿಟಕಿಯ ಪಕ್ಕದ ಸ್ಟೂಲಿನ ಮೇಲಿತ್ತು. ಲಿಂಕ್ ಒತ್ತಿದ್ದೇ ಮಾತಿನ ಟೀಚರ್ ಬಂದರು. ಮೃದು ಮುಖ, ಬಳಲಿದ ಕಣ್ಣು. ಚಿತ್ರ ಚೆನ್ನಾಗಿತ್ತು, ಅವರ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟ. ನೆಟ್ಟಿಗೆ ಏನೂ ಆಗಿಲ್ಲವಲ್ಲ ಎಂದು ಗಡಿಬಿಡಿಯ ಮನಸ್ಸಿನಲ್ಲಿ ಸಣ್ಣದೊಂದು ಚುಚ್ಚಿತು.

ಟೀಚರ್ ಒಂದು ಕಾರ್ಡ್ ಎತ್ತಿ ಹಿಡಿದರು. ಅದರಲ್ಲಿ ಕತ್ತರಿಯ ಚಿತ್ರ. "ಇದೇನು ಸರ್? ನಿಧಾನಕ್ಕೆ ಹೇಳಿ."

ಅಣ್ಣ ಉಸಿರೆಳೆದ. ಕತ್ತಿನ ನರ ಉಬ್ಬಿತು. ಬಾಯಿಯ ಎಡಗಡೆ ಮೇಲೆದ್ದಿತು. ಸುಮಾರು ಹೊತ್ತು ಏನೂ ಇಲ್ಲ. ಗಡಿಬಿಡಿಯ ನಾಲಿಗೆಯ ತುದಿಯಲ್ಲಿ ಕತ್ತರಿ ಎಂಬ ಪದ ಕುಣಿಯುತ್ತಿತ್ತು, ಹಲ್ಲು ಕಚ್ಚಿಕೊಂಡಳು. ಆಗ ಅವನ ಗಂಟಲಿನಿಂದ, ಒಣ ಎಲೆ ಸರಿದಷ್ಟು ಮೆಲ್ಲಗೆ, "ಕತ್..." ಎಂದು ಬಂತು. ಮತ್ತೆ ಉಸಿರು. ಮತ್ತೆ, "...ರಿ."

ಅವಳು ಚಪ್ಪಾಳೆ ತಟ್ಟಲು ಕೈ ಎತ್ತಿದ್ದಳು. ಟೀಚರ್ ಮುಖ ಹಾಗೇ ಇತ್ತು. "ಪ್ರಯತ್ನ ಮಾಡಿ ಸರ್," ಎಂದರು ಅವರು. "ಬರೀ ಸದ್ದಾದ್ರೂ ಪರವಾಗಿಲ್ಲ."

ಗಡಿಬಿಡಿ ಪರದೆಯನ್ನು ನೋಡಿದಳು. ಅಣ್ಣನ ಚಿತ್ರದ ಪಕ್ಕದಲ್ಲಿ ಹಸಿರು ಚುಕ್ಕೆ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿ ಹಾಕಿದವಳು ಅವಳು. ಅಣ್ಣನ ಮಾತು ಬಾಗಿಲವರೆಗೆ ಬರುತ್ತಿತ್ತು. ಇಷ್ಟು ಮೆಲ್ಲಗೆ, ಇಷ್ಟು ತುಂಡುತುಂಡಾಗಿ ಬರುವುದು ಮಾತಾಗಿರಲಾರದು, ಕುರ್ಚಿ ಸರಿದ ಸದ್ದಿರಬೇಕು ಎಂದು ಕಾವಲುಗಾರ ಪ್ರತಿ ವಾರ ಅದನ್ನು ಹೊಸ್ತಿಲಲ್ಲೇ ಅದುಮಿಬಿಟ್ಟಿದ್ದ. ನಡುವೆ ಯಾರೂ ಇಲ್ಲದ್ದರಿಂದ, ಕಳೆದುಹೋದದ್ದು ಯಾರಿಗೂ ತಿಳಿಯಲಿಲ್ಲ.

"ಮೇಡಂ, ಹೇಳಿದ್ರು! ಈಗಷ್ಟೇ ಹೇಳಿದ್ರು!"

ಅವಳ ದನಿಗೆ ಮಾತ್ರ ಚುಕ್ಕೆ ಪಕ್ಕನೆ ಹೊತ್ತಿಕೊಂಡಿತು. ಟೀಚರ್ ಕರುಣೆಯಿಂದ ನಕ್ಕರು. "ಮನೆಯವರಿಗೆ ಹಾಗನ್ಸುತ್ತೆ, ಅದು ಸಹಜ. ನೀವು ಬೇಸರ ಮಾಡ್ಕೋಬೇಡಿ."

"ಅನ್ಸೋದಲ್ಲ ಮೇಡಂ. ಈ ಪುಟ ಮಾಡಿದ್ದು ನಾನೇ. ತಪ್ಪು ನನ್ದು. ಇವರ ದನಿ ನಿಮಗೆ ತಲುಪದ ಹಾಗೆ ನಾನೇ ಅಡ್ಡ ಇಟ್ಟಿದೀನಿ. ದಯವಿಟ್ಟು ಎದ್ದು ಹೋಗ್ಬೇಡಿ, ಒಂದು ಸಲ ಕಟ್ ಮಾಡಿ ಮತ್ತೆ ಬರ್ತೀನಿ."

ಲಿಂಕಿನ ಕೊನೆಗೆ ಒಂದು ಪದ ಸೇರಿಸಿದರೆ ಕಾವಲುಗಾರ ರಜೆಯ ಮೇಲೆ ಹೋಗುತ್ತಾನೆ. ಆಫೀಸಿನಲ್ಲಿ ಬೇರೆ ಕೆಲಸ ಮಾಡುವಾಗ ಅವನ ಕಾಟ ಬೇಡವೆಂದು ಅವಳೇ ಇಟ್ಟುಕೊಂಡಿದ್ದ ಕಳ್ಳದಾರಿ ಅದು. ಅವಸರದಲ್ಲಿ ಬೆರಳು ತಪ್ಪಿತು, ಅಳಿಸಿ ಮತ್ತೆ ಬರೆದಳು. ಪುಟ ಹೊಸದಾಗಿ ತೆರೆಯಿತು. ಟೀಚರ್ ಅಲ್ಲೇ ಇದ್ದರು, ಆದರೆ ಹುಬ್ಬು ಗಂಟಿಕ್ಕಿ ಒಂದು ಕಿವಿಯ ಮೇಲೆ ಕೈಯಿಟ್ಟುಕೊಂಡಿದ್ದರು. ಮನೆಯ ಗದ್ದಲವೆಲ್ಲ ಅವರ ಕಡೆಗೆ ನುಗ್ಗಿತ್ತು. ಫ್ಯಾನಿನ ಗರಗರ, ಕೆಳಗಿನ ರಸ್ತೆಯ ಹಾರ್ನು, ಮೇಲಿನ ಮನೆಯವರು ಮಂಚ ಎಳೆಯುವ ಸದ್ದು. ಅತ್ತಿಗೆ ಓಡಿ ಫ್ಯಾನ್ ಆರಿಸಿದರು.

ಟೀಚರ್ ಮತ್ತೆ ಕಾರ್ಡ್ ಎತ್ತಿದರು.

ಅಣ್ಣ ಈಗ ಕಾರ್ಡನ್ನು ನೋಡುತ್ತಿರಲಿಲ್ಲ. ಒಮ್ಮೆ ಹೇಳಿದ್ದಕ್ಕೇ ಅವನ ಹಣೆ ಬೆವೆತಿತ್ತು. ಇಷ್ಟು ವಾರ ಹೇಳಿ ಹೇಳಿ ಯಾರಿಗೂ ಕೇಳದೆ ಹೋದವನಿಗೆ ಇನ್ನೊಮ್ಮೆ ಯಾಕೆ ಹೇಳಬೇಕು ಎನಿಸಿದ್ದರೆ ಅದರಲ್ಲಿ ತಪ್ಪೇನಿತ್ತು? ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಟೀಚರ್ ಗಡಿಯಾರ ನೋಡಿಕೊಂಡರು.

"ಅಣ್ಣಾ, ಅದು ಕ..." ಎಂದು ಗಡಿಬಿಡಿ ಬಾಯಿ ತೆರೆದಳು. ಅತ್ತಿಗೆ ಅವಳ ಮೊಣಕಾಲನ್ನು ಬಿಗಿಯಾಗಿ ಒತ್ತಿ ಹಿಡಿದರು. ಗಡಿಬಿಡಿ ಬಾಯಿ ಮುಚ್ಚಿದಳು. ಮೂವರು ಹೆಂಗಸರು, ಇಬ್ಬರು ಇತ್ತ, ಒಬ್ಬರು ಅತ್ತ, ಏನೂ ಮಾಡದೆ ಕೂತರು. ಹುಟ್ಟಿದಾಗಿನಿಂದ ಅವಳು ಇಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲಿರಬೇಕು. ಮೇಲಿನ ಮನೆಯ ಮಂಚ ಇನ್ನೊಮ್ಮೆ ಕಿರುಗುಟ್ಟಿ ನಿಂತಿತು.

ಅಣ್ಣ ನಿಧಾನವಾಗಿ ಈಚೆ ತಿರುಗಿದ. ಕಾರ್ಡನ್ನು ನೋಡಿದ. ಉಸಿರೆಳೆದ.

"ಕ... ತ್... ರಿ."

ಟೀಚರ್ ಕಾರ್ಡನ್ನು ಕೆಳಗಿಟ್ಟರು. "ಸರ್," ಎಂದರು ಆಮೇಲೆ, "ಎಷ್ಟು ದಿನದಿಂದ ಹೀಗೆ ಹೇಳ್ತಿದೀರಿ?"

ಅಣ್ಣ ಎಡಗೈಯನ್ನು ಎತ್ತಿ, ಬಹಳ ಹಿಂದಿನಿಂದ ಎನ್ನುವಂತೆ ಹಿಂದಕ್ಕೆ ಬೀಸಿದ. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪಾಠ ಮುಂದುವರಿಯುವುದೆಂದು ಟೀಚರ್ ಅಲ್ಲೇ ಹೇಳಿದರು. ಈ ವಾರಗಳಲ್ಲಿ ಅವರು ಕೇಳಿಸಿಕೊಳ್ಳದೆ ಹೋದ ಮಾತುಗಳಿಗೆ ಕ್ಷಮೆಯನ್ನೂ ಕೇಳಿದರು. ಅದು ಅವರ ತಪ್ಪೇ ಆಗಿರಲಿಲ್ಲ.

ಮರುದಿನ ಆಫೀಸಿನಲ್ಲಿ ಗಡಿಬಿಡಿ ನಡೆದದ್ದನ್ನೆಲ್ಲ ಹೇಳಿದಾಗ ಹಲೋ ಮೇಷ್ಟ್ರು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡರು. "ನಾನು ಒಂದ್ಸಲ ಪಿಸುಗುಟ್ಟಿ ನೋಡಿದ್ರೆ ಸಾಕಿತ್ತಲ್ಲ," ಎಂದರು. ಉಳಿದ ಡಾಕ್ಟರುಗಳೆಲ್ಲ ಹೊಗಳುತ್ತಿರುವಾಗ ಕಾವಲುಗಾರನನ್ನು ತೆಗೆಯಲೇಬೇಕಾ ಎಂದು ಯಜಮಾನರು ಕೇಳಿದರು. ಗಡಿಬಿಡಿ ಅವರ ವಾಕ್ಯ ಮುಗಿಯುವವರೆಗೆ ಕಾದಳು. ಅದಕ್ಕೇ ಯಜಮಾನರಿಗೆ ಅರ್ಧ ಗಾಬರಿಯಾಯಿತು.

"ಪೂರ್ತಿ ತೆಗೆಯೋದು ಬೇಡ ಸರ್. ಡಾಕ್ಟರು ಕರೆದ್ರೆ ಮಾತ್ರ ಬರ್ಲಿ, ತಾನಾಗಿ ಬಾಗಿಲಲ್ಲಿ ನಿಲ್ಲೋದು ಬೇಡ. ಎಷ್ಟು ಮನೇಲಿ ಎಷ್ಟು ಜನ ಹೇಳಿದ್ದು ಕೇಳಿಸ್ದೆ ಹೋಯ್ತೋ ನಮಗೆ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ, ನಡುವೆ ನಾವು ಇರಲಿಲ್ಲವಲ್ಲ."

ಯಜಮಾನರು ಒಪ್ಪಿದರು. ಬಾಗಿಲ ನಿಯಮ ಬದಲಾಯಿತು. ಆದರೆ ಆ ಕೊರಗು ಅವಳನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ.

ಮೆಲ್ಲಗೆ ಮಾತಾಡುವವರೊಬ್ಬರು ಟೆಸ್ಟಿಂಗಿಗೆ ಬೇಕೆಂದು ಮೇಷ್ಟ್ರೇ ಸೂಚಿಸಿದರು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಗಡಿಬಿಡಿ ತನ್ನ ಮೇಜಿನಿಂದ ಅಣ್ಣನಿಗೆ ಹೊಸ ಪುಟದಲ್ಲಿ ಕರೆ ಮಾಡತೊಡಗಿದಳು. ಟ್ಯಾಬು ಈಗ ಕಿಟಕಿಯಿಂದ ದೂರ, ನೆರಳಿನಲ್ಲಿತ್ತು. ಮೊದಲ ದಿನ ಅವನ ಮುಖ ಕಂಡದ್ದೇ ಅವಳ ಬಾಯಿ ಓಡತೊಡಗಿತು. "ಅಣ್ಣಾ, ಕೇಳ್ತಿದ್ಯಾ? ನೋಡು, ನಂದೇ ತಪ್ಪು, ಅತ್ತಿಗೆ ಹೇಳಿದಾಗ್ಲೇ ನಾನು ಕೇಳ್ಬೇಕಿತ್ತು, ನೆಟ್ಟು ಗಿಟ್ಟು ಅಂತ ನಿನ್ನ ಬಿಸಿಲಲ್ಲಿ ಕೂರಿಸ್ದೆ. ಏನಾದ್ರೂ ಹೇಳು, ಏನ್ ಬೇಕಾದ್ರೂ ಹೇಳು, ಬಯ್ಯೋದಾದ್ರೆ ಬಯ್ದುಬಿಡು..."

ಅಣ್ಣ ಎಡಗೈ ಎತ್ತಿದ. ಅವಳು ನಿಲ್ಲಿಸಿದಳು.

ಅವನ ಬಾಯಿ ತೆರೆಯಿತು. "ನೀ... ನ್..."

ಆಮೇಲೆ ಏನೂ ಇಲ್ಲ. ನೀನ್ ಊಟ ಮಾಡಿದ್ಯಾ, ನೀನ್ ಯಾವಾಗ ಬರ್ತೀಯ, ನೀನ್ ಸುಮ್ನಿರು. ಅವಳ ತಲೆಯಲ್ಲಿ ವಾಕ್ಯಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತವು. ಅವಳು ತುಟಿ ಬಿಗಿಹಿಡಿದಳು. ಚಿತ್ರ ನಿಂತೇಹೋಯಿತೇನೋ ಎಂದು ಹಲೋ ಮೇಷ್ಟ್ರು ಬಗ್ಗಿ ನೋಡಿದರು, ಕೈಸನ್ನೆಯಲ್ಲೇ ಅವರನ್ನು ದೂರ ಕಳಿಸಿದಳು. ಅಣ್ಣ ಕಣ್ಣು ಮುಚ್ಚಿ ಉಸಿರೆಳೆದು ಕಣ್ಣು ತೆರೆದ.

"ನೀನ್... ಹೇ... ಗಿ... ದೀ?"

ಅವನು ಬಿದ್ದ ದಿನದಿಂದ ಎಲ್ಲರೂ ಅವನನ್ನು ಕೇಳಿದ್ದ ಮಾತು ಅದು. ಹೇಗಿದ್ದೀಯ ಎಂದು ಗಡಿಬಿಡಿಯನ್ನು ಯಾರೂ ಕೇಳಿರಲಿಲ್ಲ. ಆಸ್ಪತ್ರೆಗೆ ಓಡಿದವಳು ಅವಳು, ಅತ್ತಿಗೆಗೆ ಧೈರ್ಯ ಹೇಳಿದವಳು ಅವಳು, ಓಡಾಡುವವರನ್ನು ನಿಲ್ಲಿಸಿ ಹೇಗಿದ್ದೀಯ ಎನ್ನುವವರು ಯಾರು? ಚೆನ್ನಾಗಿದೀನಿ ಎಂಬ ಸಿದ್ಧ ಉತ್ತರ ಬಾಯಿಗೆ ಬಂತು. ಅದು ಸುಳ್ಳೆಂದು ಅವಳಿಗೇ ತಿಳಿದು ಗಂಟಲಲ್ಲೇ ಸಿಕ್ಕಿಕೊಂಡಿತು. ಬೇರೆ ಮಾತು ಹುಡುಕಿದಳು, ಸಿಗಲಿಲ್ಲ. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು.

ಅಣ್ಣ ಪರದೆಯ ಹತ್ತಿರಕ್ಕೆ ಮುಖ ತಂದ. ಅವಳ ಬದಲಿಗೆ ಅವನು ಏನನ್ನೂ ಹೇಳಲಿಲ್ಲ, ಅವಸರವನ್ನೂ ಮಾಡಲಿಲ್ಲ.

"ನಂಗೆ ತುಂಬಾ ಭಯ ಆಗಿತ್ತು ಅಣ್ಣಾ," ಎಂದಳು ಅವಳು, ಬಹಳ ಹೊತ್ತಿನ ಮೇಲೆ.